ಬಾತಿನ ದನಿ ಕೇಳಿ ಸಂಸಾರ ಹೇಳುವುದು

ಡಿಸೆಂಬರಿನ ಬೆಳಗಿನ ಜಾವ. ಬೀಳಗಿ ಸೀಮೆಯಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆ. ಎದುರಿಗೆ ಮಂಜು, ಕತ್ತಲು ಬಿಟ್ಟರೆ ಏನೂ ಕಾಣದು. ಸದ್ದು ಮಾತ್ರ ವಾರದ ಸಂತೆಯದು. ನೀರಿನ ನಟ್ಟನಡುವೆ ಎಲ್ಲೋ ‘ಆಂಗ್... ಆಂಗ್’ ಎಂದು ಮೂಗಿನಿಂದ ಬಂದಂಥ ದನಿ. ಪಕ್ಕದ ಜೊಂಡಿನಲ್ಲಿ ‘ಪ್ಯಾಕ್ ಪ್ಯಾಕ್ ಪ್ಯಾಕ್’. ತಲೆಯ ಮೇಲೆ ಪಡ್ಡೆ ಹುಡುಗರು ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಇನ್ನೊಂದು ಗುಂಪು.

ಬಲೆ ಬಿಡಿಸುತ್ತಾ ಕೂತಿದ್ದ ಮೀನು ಹಿಡಿಯುವ ಕಾಕಾ ಒಬ್ಬರು ಜೊಂಡಿನ ಕಡೆ ಕೈ ತೋರಿಸಿದರು. “ಅಲ್ಲಿ ಒದರಾಕತ್ತೈತಲ್ರಿ, ಅದು ಹೆಣ್ಣ ಐತಿ. ಗಂಡಕ್ಕ ದನೀನ ಇಲ್ಲ ನೋಡ್ರಿ.”

ಹೆಂಡತಿಯರ ಮೇಲೆ ಗಂಡಸರು ಹೊಡೆಯುವ ಹಳೇ ಜೋಕು ಇದು ಎಂದುಕೊಂಡು ಸುಮ್ನೆ ನಕ್ಕೆ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಕಾಕಾ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಇನ್ನೂ ಜಾಸ್ತಿ ಮಜಾ ಇದೆ.

ಶಾಲೆಯಲ್ಲಿ ನಾವೆಲ್ಲ ಬಾತುಕೋಳಿ ‘ಕ್ವಾಕ್ ಕ್ವಾಕ್’ ಅನ್ನುತ್ತದೆ ಎಂದು ಕಲಿತವರು. ನಿಜಕ್ಕೂ ಬಾತುಗಳಲ್ಲಿ ಹಾಗೆ ಕೂಗುವವು ಕಡಿಮೆ. ತಲೆ ನೀರಲ್ಲಿ ಮುಳುಗಿಸಿ, ಬಾಲ ಮೇಲೆತ್ತಿ ಮೇಯುವ ಬಾತುಗಳದ್ದೊಂದು ಬಳಗವಿದೆ. ಆ ಗಟ್ಟಿ ಕೂಗು ಹೆಚ್ಚಾಗಿ ಆ ಬಳಗದ್ದು. ಅದರಲ್ಲೂ ಹೆಣ್ಣುಗಳದ್ದು.

ವರ್ಷವಿಡೀ ನಮ್ಮಲ್ಲೇ ಇರುವ ಚುಕ್ಕೆ ಕೊಕ್ಕಿನ ಬಾತನ್ನೇ ನೋಡಿ. ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಗಂಡು ಹೆಣ್ಣು ಎರಡೂ ಒಂದೇ ಥರ. ದುರ್ಬೀನು ಹಚ್ಚಿ ನೋಡಿದರೂ ಯಾವುದು ಯಾವುದೆಂದು ಹೇಳುವುದು ಕಷ್ಟ. ಕಣ್ಣು ಮುಚ್ಚಿ ಕೇಳಿದರೆ ಸುಲಭ. ಗಟ್ಟಿಯಾಗಿ ಶುರುವಾಗಿ, ಒಂದಾದ ಮೇಲೊಂದು ಇಳಿಯುತ್ತಾ ಹೋಗುವ ‘ಪ್ಯಾಆಕ್, ಪ್ಯಾಕ್, ಪ್ಯಕ್, ಪ್ಯಕ್’ ಕೇಳಿದರೆ ಅದು ಹೆಣ್ಣು. ಜಾತ್ರೆಯಲ್ಲಿ ಮೂರು ದಿನ ಕೂಗಿ ಗಂಟಲು ಕಟ್ಟಿದವರ ಹಾಗೆ ತಗ್ಗಿದ ದನಿಯಲ್ಲಿ ‘ರ್‍ಯೇಬ್’ ಅಂದರೆ ಗಂಡು. ಅಂದರೆ ಗಂಡಿಗೆ ದನಿ ಇಲ್ಲ ಎಂದಲ್ಲ. ಇದ್ದರೂ ದಂಡೆಯಲ್ಲಿ ನಿಂತವರ ತನಕ ಬರುವುದಿಲ್ಲ. ಕಾಕಾ ತಪ್ಪಿದ್ದು ಇಷ್ಟೇ.

ಇಳಿಯುತ್ತಾ ಹೋಗುವ ಆ ಕೂಗು ಹೆಚ್ಚಾಗಿ ಜೋಡಿಯಿಂದ ದೂರಾದ ಹೆಣ್ಣಿನದು. ‘ನಾನು ಇಲ್ಲಿದ್ದೇನೆ, ನೀನೆಲ್ಲಿ’ ಎಂಬ ಥರದ್ದು. ಚುಕ್ಕೆ ಕೊಕ್ಕಿನ ಬಾತಿನ ಹತ್ತಿರದ ನೆಂಟ ಮಲ್ಲಾರ್ಡ್ ಎಂಬ ಕಾಡುಬಾತು. ಸಾಕಿದ ಬಾತುಕೋಳಿಗಳಲ್ಲಿ ಹೆಚ್ಚಿನವು ಆ ಮಲ್ಲಾರ್ಡಿನ ವಂಶದವೇ. ಹಾಗಾಗಿ ತೋಟದ ಮನೆಯ ಬಾತು ಮತ್ತು ಕೆರೆಯ ಬಾತು ಒಂದೇ ಥರ ಕೂಗಿದರೆ ಅಚ್ಚರಿ ಬೇಡ. ಎರಡೂ ದಾಯಾದಿಗಳು.

ಈ ವ್ಯತ್ಯಾಸ ಎಲ್ಲಿಂದ ಬಂತು? ಅದಕ್ಕೆ ಹಕ್ಕಿಯ ಎದೆಯೊಳಗೆ ಇಳಿಯಬೇಕು. ನಮ್ಮ ದನಿಪೆಟ್ಟಿಗೆ ಗಂಟಲಿನಲ್ಲಿದೆ. ಹಕ್ಕಿಯದು ಇನ್ನೂ ಕೆಳಗೆ, ಶ್ವಾಸನಾಳ ಎರಡು ಶ್ವಾಸಕೋಶಗಳಿಗೆ ಕವಲೊಡೆಯುವ ಜಾಗದಲ್ಲಿದೆ. ಅದಕ್ಕೆ ಸಿರಿಂಕ್ಸ್ ಎಂದು ಹೆಸರು. ಅಲ್ಲಿರುವ ತೆಳು ಪೊರೆಗಳು ಉಸಿರು ಹಾಯುವಾಗ ನಡುಗುತ್ತವೆ, ಸದ್ದು ಹುಟ್ಟುತ್ತದೆ. ಬೀಳಗಿ ಅಂದರೆ ಸನಾದಿ ಅಪ್ಪಣ್ಣನ ಊರು, ಅಲ್ವಾ? ಸನಾದಿ ಊದುವಾಗ ಬಾಯಲ್ಲಿರುವ ಓಲೆಯ ಪೀಪಿ ನಡುಗಿ ದನಿ ಕೊಡುವ ಹಾಗೆಯೇ ಇದು. ಆದರೆ ಹಕ್ಕಿ ಪೀಪಿಯನ್ನು ಕೊಳವೆಯ ಮೇಲಿನ ತುದಿಯಲ್ಲಿ ಅಲ್ಲ, ಕೆಳಗಿನ ತುದಿಯಲ್ಲಿ ಇಟ್ಟುಕೊಂಡಿದೆ.

ಇಲ್ಲಿಯ ತನಕ ಎಲ್ಲ ಹಕ್ಕಿಗಳ ಕಥೆಯೂ ಹೆಚ್ಚು ಕಡಿಮೆ ಒಂದೇ. ಗಂಡು ಬಾತುಗಳಲ್ಲಿ ಇನ್ನೊಂದು ಸಾಮಾನು ಇದೆ. ಸಿರಿಂಕ್ಸಿನ ಎಡ ಮಗ್ಗುಲಿಗೆ ಒಂದು ಪುಟ್ಟ ಎಲುಬಿನ ಬುರುಡೆ ಉಬ್ಬಿಕೊಂಡಿರುತ್ತದೆ. ತಂಬೂರಿಯ ಬುರುಡೆ ನೆನಪಿಸಿಕೊಳ್ಳಿ. ತಂತಿ ಅದೇ ಇದ್ದರೂ ಬುರುಡೆ ಬದಲಾದರೆ ನಾದ ಬದಲಾಗುತ್ತದೆ. ಗಂಡಿನ ದನಿ ಹೆಣ್ಣಿನದಕ್ಕಿಂತ ಬೇರೆ ಆಗುವುದರಲ್ಲಿ ಈ ಬುರುಡೆಯದು ದೊಡ್ಡ ಪಾಲು. ಬುರುಡೆಯ ಆಕಾರ ಒಂದೊಂದು ಜಾತಿಗೆ ಒಂದೊಂದು ಥರ. ಕೆಲವದರಲ್ಲಿ ಗಟ್ಟಿ ಎಲುಬು. ಕೆಂಪುತಲೆ ಬಾತಿನಂಥ ಮುಳುಗುವ ಬಾತುಗಳಲ್ಲಿ ಕಿಟಕಿ ಕೊರೆದು ಪೊರೆ ಹಚ್ಚಿದ ಹಾಗೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಬುರುಡೆ ಗಂಡಿಗೆ ಮಾತ್ರ ಇರುವುದರಿಂದ ಗಂಡಿನ ಹಾರ್ಮೋನು ಅದನ್ನು ಬೆಳೆಸುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಮೊಟ್ಟೆಯೊಳಗಿನ ಭ್ರೂಣದ ಮೇಲೆ ನಡೆದ ಪ್ರಯೋಗಗಳು ಹೇಳಿದ್ದು ಉಲ್ಟಾ. ಯಾವ ಹಾರ್ಮೋನೂ ಸೋಕದಿದ್ದರೆ ಬುರುಡೆ ತಾನಾಗಿಯೇ ಬೆಳೆಯುತ್ತದೆ. ಹೆಣ್ಣಿನ ಹಾರ್ಮೋನು ಬಂದು ಅದನ್ನು ಬೇಡ ಎಂದು ತಡೆಯುತ್ತದೆ. ಹಾಗೆ ತಡೆದಲ್ಲಿ ಹೆಣ್ಣಿನ ಗಟ್ಟಿ ದನಿ ಉಳಿಯುತ್ತದೆ.

ಸರಿ, ಬುರುಡೆ ಇಟ್ಟುಕೊಂಡು ಗಂಡು ಮಾಡುವುದೇನು? ಸಿಳ್ಳೆ, ಗೊರಗೊರ, ಟಿಕ್‌ಟಿಕ್. ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತಿನ ಗಂಡು ಕೊಳಲಿನ ಒಂದೇ ಸ್ವರ ಊದಿದ ಹಾಗೆ ಮೆಲ್ಲಗೆ ‘ಪ್ರೂಪ್’ ಅನ್ನುತ್ತದೆ. ಬಿಳಿಹುಬ್ಬಿನ ಬಾತಿನ ಗಂಡಿನದು ಇನ್ನೂ ವಿಚಿತ್ರ. ಒಂದು ಬಾಚಣಿಗೆ ತಗೊಂಡು ಅದರ ಹಲ್ಲುಗಳ ಮೇಲೆ ಉಗುರು ಎಳೆಯಿರಿ. ಬಂತಲ್ಲ ‘ಕರ್‍ರ್‍ರ್’ ಎಂದು, ಅದೇ ಅದರ ಪ್ರೇಮಗೀತೆ. ಒಣ ಸದ್ದು. ಕಪ್ಪೆಯೋ ಹುಳವೋ ಇರಬೇಕು ಎಂದುಕೊಂಡು ನಾನು ಎಷ್ಟೋ ಸಲ ಅದನ್ನು ಕಿವಿಗೆ ಹಾಕಿಕೊಂಡೇ ಇರಲಿಲ್ಲ.

ಪ್ರೇಮಗೀತೆ ಅಂದದ್ದು ತಮಾಷೆಗಲ್ಲ. ಈ ವಲಸೆ ಬಾತುಗಳಲ್ಲಿ ಅನೇಕ ಜಾತಿಗಳು ಜೋಡಿ ಕಟ್ಟುವುದು ಗೂಡು ಮಾಡುವ ಊರಿನಲ್ಲಿ ಅಲ್ಲ, ಚಳಿಗಾಲ ಕಳೆಯುವ ಜಾಗದಲ್ಲೇ. ಅಂದರೆ ನಮ್ಮ ಹಿನ್ನೀರಿನಂಥ ಕಡೆಗಳಲ್ಲೇ ಹುಡುಗಿ ನೋಡುವ ಶಾಸ್ತ್ರ ನಡೆಯುತ್ತದೆ. ಒಂದು ಹೆಣ್ಣಿನ ಸುತ್ತ ನಾಲ್ಕೈದು ಗಂಡುಗಳು ತಲೆ ಎತ್ತಿ, ಕತ್ತು ಕೊಂಕಿಸಿ, ಮೆಲ್ಲಗೆ ಸಿಳ್ಳೆ ಹಾಕುತ್ತಾ ಈಜುತ್ತವೆ. ಅಷ್ಟು ಹತ್ತಿರದಲ್ಲಿರುವವಳಿಗೆ ಕೇಳಿಸಲು ಗಟ್ಟಿ ದನಿ ಯಾಕೆ ಬೇಕು? ಆಮೇಲೆ ಹೆಣ್ಣು ತಾನು ಹುಟ್ಟಿದ ಸೀಮೆಗೆ ಹೊರಡುತ್ತದೆ. ಗಂಡು ಹಿಂದೆ ಹಿಂದೆ ಹೋಗುತ್ತದೆ. ಪಕ್ಕಾ ಮನೆ ಅಳಿಯ! ಅಳಿಯತನವೂ ಜಾಸ್ತಿ ದಿನ ಇಲ್ಲ. ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ಬಿಟ್ಟು ಹೋಗುತ್ತದೆ. ಮರಿ ಸಾಕುವುದು, ಅಪಾಯ ಬಂದರೆ ಎಚ್ಚರಿಸುವುದು, ಚದುರಿದ ಮರಿಗಳನ್ನು ಒಟ್ಟು ಮಾಡುವುದು ಎಲ್ಲ ತಾಯಿಯ ಪಾಲು. ಇಷ್ಟು ಕೆಲಸ ಇರುವವಳ ದನಿ ಗಟ್ಟಿಯಾಗಿರದೆ ಇನ್ನು ಹೇಗಿರಬೇಕು?

ಈಗ ನೀರಿನ ನಡುವಿನ ‘ಆಂಗ್ ಆಂಗ್’ಗೆ ಬರೋಣ. ಅದು ಪಟ್ಟೆತಲೆ ಹೆಬ್ಬಾತು. ಬೆಳ್ಳಗಿನ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುವುದರಿಂದ ಆ ಹೆಸರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಂದಲೇ ಹೆಸರಾಗಿದೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆಯೂ ಸಿಕ್ಕಿತು. ಬಾಗಲಕೋಟೆ ಕಡೆ ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮದ ಸುತ್ತ ಇವು ಇಳಿಯುತ್ತವೆ. ಹಗಲು ನೀರಿನಲ್ಲಿ ವಿಶ್ರಾಂತಿ. ಕತ್ತಲಾದ ಮೇಲೆ ಹಿಂಗಾರಿ ಹೊಲಗಳಿಗೆ ಮೇವಿಗೆ. ಕಡಲೆ ಬಿತ್ತಿದವರನ್ನು ಕೇಳಿ ನೋಡಿ, ಹಿಮಾಲಯದ ಅತಿಥಿ ಎಂದು ಯಾರೂ ಮಾಲೆ ಹಾಕುವುದಿಲ್ಲ.

ಹೆಬ್ಬಾತಿನ ಲೆಕ್ಕವೇ ಬೇರೆ. ಗಂಡಿಗೆ ಬುರುಡೆ ಇಲ್ಲ. ಗಂಡು ಹೆಣ್ಣಿನ ಬಣ್ಣ ಒಂದೇ, ಕೂಗೂ ಹೆಚ್ಚು ಕಡಿಮೆ ಒಂದೇ. ಸಂಸಾರವನ್ನು ನೋಡಿದರೆ ಕಾರಣ ಹೊಳೆಯುತ್ತದೆ. ಹೆಬ್ಬಾತುಗಳು ಕಟ್ಟಿಕೊಂಡ ಜೋಡಿಯನ್ನು ಸಾಮಾನ್ಯವಾಗಿ ವರ್ಷಗಟ್ಟಲೆ ಬಿಡುವುದಿಲ್ಲ. ಕಾವಿಗೆ ಹೆಣ್ಣು ಕೂತರೂ ಗಂಡು ಪಹರೆ ಬಿಡುವುದಿಲ್ಲ. ಮರಿಗಳು ಮೊದಲ ಚಳಿಗಾಲವಿಡೀ ಅಪ್ಪ ಅಮ್ಮನ ಜೊತೆಗೇ ಇರುತ್ತವೆ. ಹಿಂಡಿನಲ್ಲಿ ತಲೆಯ ಪಟ್ಟಿ ಇನ್ನೂ ಸರಿಯಾಗಿ ಮೂಡದ ಹಕ್ಕಿಗಳು ಕಂಡರೆ ಅವು ಆ ವರ್ಷದ ಮರಿಗಳು. ಹಾಗಾಗಿ ನಾವು ‘ಹಿಂಡು’ ಅನ್ನುವುದು ಬಿಡಿ ಹಕ್ಕಿಗಳ ಗುಂಪಲ್ಲ, ಮನೆತನಗಳ ಗುಂಪು. ಜಾತ್ರೆಗೆ ಬಂದ ಚಕ್ಕಡಿಗಳ ಸಾಲಿನ ಹಾಗೆ.

ಜಾತ್ರೆಯ ಗದ್ದಲದಲ್ಲಿ ತಾಯಿ ಕರೆದರೆ ಅವಳ ಮಗುವೇ ತಿರುಗಿ ನೋಡುತ್ತದೆ, ಅಲ್ವಾ? ಹೆಬ್ಬಾತುಗಳಲ್ಲೂ ಒಂದೊಂದರ ದನಿಗೆ ಒಂದೊಂದು ಗುರುತಿದೆ. ಜೋಡಿ, ಮರಿಗಳು ಅದನ್ನು ಹಿಡಿಯುತ್ತವೆ. ರಾತ್ರಿ ಹಾರುವ ಹಕ್ಕಿಗೆ ಇದು ಶೋಕಿಯಲ್ಲ, ಜೀವದ ಮಾತು. ಬೆನ್ನಿಗೆ ಉಪಗ್ರಹ ಟ್ಯಾಗ್ ಕಟ್ಟಿ ನೋಡಿದಾಗ ಪಟ್ಟೆತಲೆ ಹೆಬ್ಬಾತೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿದೆ. ಬಹುಪಾಲು ಹಾರಾಟ ಇದಕ್ಕಿಂತ ಎಷ್ಟೋ ಕೆಳಗೆ, ನೆಲದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿದು ಸಾಗುತ್ತದೆ. ಅದರಲ್ಲಿ ತುಂಬಾ ಭಾಗ ರಾತ್ರಿ ಮತ್ತು ನಸುಕಿನಲ್ಲೇ. ಕತ್ತಲಲ್ಲಿ ಮುಂದಿನದು ಎಲ್ಲಿದೆ, ಹಿಂದಿನದು ಬರುತ್ತಿದೆಯಾ ಎಂದು ತಿಳಿಯಲು ಕೂಗಲೇಬೇಕು.

ಹೆಬ್ಬಾತಿನ ಮಾತು ಕಲಿತವರಲ್ಲಿ ದೊಡ್ಡ ಹೆಸರು ಆಸ್ಟ್ರಿಯಾದ ಕೊನ್ರಾಡ್ ಲೊರೆಂಝ್ ಅವರದು. 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದವರು. ಬೂದು ಹೆಬ್ಬಾತಿನ ಮರಿಗಳು ಮೊಟ್ಟೆ ಒಡೆದ ತಕ್ಷಣ ಅವರನ್ನೇ ತಾಯಿ ಎಂದು ತಿಳಿದು ಹಿಂದೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಅವರು ಗಮನಿಸಿದ ಇನ್ನೊಂದು ವಿಷಯ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ಹಿಂಡು ನೆಮ್ಮದಿಯಿಂದ ಮೇಯುವಾಗ ಹೆಬ್ಬಾತು ಮೆಲ್ಲಗೆ, ಒಂದೇ ಉಸಿರಿಗೆ ಆರಕ್ಕಿಂತ ಜಾಸ್ತಿ ತುಂಡುಗಳಲ್ಲಿ ‘ಗಗಗಗಗಗ’ ಎಂದು ಗೊಣಗುತ್ತದೆ. ಇಲ್ಲಿ ಮೇವು ಚೆನ್ನಾಗಿದೆ, ಇಲ್ಲೇ ಇರೋಣ ಎಂಬ ಅರ್ಥ. ತುಂಡುಗಳು ಕಡಿಮೆಯಾಗುತ್ತಾ ಬಂದರೆ ಮುಂದೆ ನಡೆಯುವ ಮನಸ್ಸಾಗಿದೆ ಎಂದು ಲೆಕ್ಕ. ಮೂರಕ್ಕೆ ಇಳಿದರೆ ಬೇಗ ಬೇಗ ನಡೆಯುವ ಸೂಚನೆ. ಇನ್ನೂ ಇಳಿದು ದನಿ ಚೂಪಾದರೆ ಹಾರುವ ಹೊತ್ತು ಬಂತು. ಬೂದು ಹೆಬ್ಬಾತು, ಪಟ್ಟೆತಲೆ ಹೆಬ್ಬಾತು ಒಂದೇ ಕುಲದವು. ಹಾಗಂತ ಒಂದರ ನಿಘಂಟು ಇನ್ನೊಂದಕ್ಕೆ ಪೂರ್ತಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೂ ದಂಡೆಯಲ್ಲಿ ಕೂತು ಎಣಿಸುವ ಚಟ ನನಗೆ ಹತ್ತಿದ್ದು ಇದನ್ನು ಓದಿದ ಮೇಲೇ.

ಹತ್ತಿರ ಹೋದರೆ ಹೆಬ್ಬಾತು ಕತ್ತು ಚಾಚಿ ‘ಸ್ಸ್ಸ್’ ಅನ್ನುತ್ತದಲ್ಲ, ಅದಕ್ಕೆ ಸಿರಿಂಕ್ಸ್ ಬೇಕಿಲ್ಲ. ಬರೀ ಉಸಿರು. ತೋಟದ ಮನೆಯಲ್ಲಿ ಹೆಬ್ಬಾತು ಸಾಕಿದವರ ಮನೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಡಿದ ನೆನಪು ಇದ್ದೇ ಇರುತ್ತದೆ.

ತಲೆ ಮೇಲೆ ಸಿಳ್ಳೆ ಹಾಕಿ ಹೋದದ್ದು ಸಿಳ್ಳೆ ಬಾತು. ಹೆಸರೇ ದನಿಯಿಂದ ಬಂದದ್ದು. ಇಲ್ಲಿ ಗಂಡೂ ಸಿಳ್ಳೆ ಹಾಕುತ್ತದೆ, ಹೆಣ್ಣೂ ಹಾಕುತ್ತದೆ. ಸಂಸಾರ ಕೇಳಿದರೆ ಮತ್ತೆ ಅದೇ ತಾಳೆ ಬೀಳುತ್ತದೆ. ನೋಡಲು ಎರಡೂ ಒಂದೇ ಥರ, ಕಾವು ಕೊಡುವುದರಲ್ಲೂ ಮರಿ ಸಾಕುವುದರಲ್ಲೂ ಎರಡೂ ಪಾಲುದಾರರು. ಇವು ರಾತ್ರಿ ಮೇಯುವವು, ಅದಕ್ಕೇ ಊರ ಮೇಲೆ ಕತ್ತಲಲ್ಲಿ ಸಿಳ್ಳೆ ಕೇಳುವುದು. ಕೂಗು ನಿಂತಾಗಲೂ ಒಂದು ಮಂದವಾದ ಸುಯ್‌ಗುಟ್ಟುವ ಸದ್ದು ಇರುತ್ತದೆ. ಅದು ಗಂಟಲದ್ದಲ್ಲ, ರೆಕ್ಕೆಯದು.

ಹತ್ತಿಬಾತು ಎಂಬ ಪುಟ್ಟದೊಂದಿದೆ, ನಮ್ಮ ಬಾತುಗಳಲ್ಲೇ ಚಿಕ್ಕದು. ಹಾರುತ್ತಾ ಗಡಗಡ ಕೂಗುತ್ತದೆ. ಹಳೇ ಕಾಲದ ಶಿಕಾರಿ ಸಾಹೇಬರ ಕಿವಿಗೆ ಅದು ‘ಫಿಕ್ಸ್ ಬಯೊನೆಟ್ಸ್, ಫಿಕ್ಸ್ ಬಯೊನೆಟ್ಸ್’ ಎಂದು ಕೇಳಿತ್ತಂತೆ. ಬಂದೂಕಿನ ತುದಿಗೆ ಚೂರಿ ಸಿಕ್ಕಿಸಿ ಎಂಬ ಹುಕುಂ! ಬೆಳಗಾವಿ ಕ್ಯಾಂಪಿನಂಥ ಕಡೆ ಕವಾಯತು ಕೇಳಿ ಕೇಳಿ ಪಳಗಿದ ಕಿವಿಗೆ ಹಾಗಲ್ಲದೆ ಇನ್ನು ಹೇಗೆ ಕೇಳಬೇಕು? ನಾನು ಎಷ್ಟು ಕೇಳಿದರೂ ನನಗೆ ಹುಕುಂ ಕೇಳಲಿಲ್ಲ, ಗಾಲಿ ಸಡಿಲವಾದ ಸೈಕಲ್ಲು ಕೇಳಿತು.

ಇನ್ನೊಂದು ದನಿ ನಮ್ಮ ಹಳೆಗನ್ನಡ ಕವಿಗಳಿಗೆ ತುಂಬಾ ಬೇಕಾದದ್ದು. ಜಕ್ಕವಕ್ಕಿ, ಅಂದರೆ ಚಕ್ರವಾಕ. ಕಿತ್ತಳೆಗಂದು ಮೈ, ತಿಳಿ ತಲೆ. ಚಳಿಗಾಲದಲ್ಲಿ ಜೋಡಿ ಜೋಡಿಯಾಗಿ ಮರಳ ದಿಬ್ಬದ ಮೇಲೆ ನಿಂತಿರುತ್ತವೆ. ರಾತ್ರಿಯಾದರೆ ಗಂಡು ಒಂದು ದಂಡೆ, ಹೆಣ್ಣು ಒಂದು ದಂಡೆ ಸೇರಿ, ಬೆಳಗಿನ ತನಕ ಒಂದನ್ನೊಂದು ಕರೆಯುತ್ತಾ ಅಳುತ್ತವೆ ಎಂಬುದು ಕಾವ್ಯದ ಮಾತು. ಅಗಲುವ ಕಥೆ ಕವಿಸಮಯ. ಕರೆಯುವುದು ಮಾತ್ರ ನಿಜ. ಚಕ್ರವಾಕ ಕತ್ತಲಲ್ಲೂ ಗಟ್ಟಿಯಾಗಿ, ಮೂಗಿನ ದನಿಯಲ್ಲಿ ಕೂಗುತ್ತದೆ. ಗಂಡಿನ ಕೂಗು ಒಂದು ಥರ, ಹೆಣ್ಣಿನದು ಇನ್ನೊಂದು ಥರ. ಎರಡು ಬೇರೆ ದನಿ, ಎರಡು ಬೇರೆ ದಿಕ್ಕಿನಿಂದ, ನಡುವೆ ಕತ್ತಲೆ ನೀರು. ಇಷ್ಟು ಕೇಳಿಸಿಕೊಂಡ ಕವಿ ವಿರಹದ ಕಥೆ ಕಟ್ಟದೇ ಬಿಟ್ಟಾನೆಯೇ?

ನಸುಕಿನಲ್ಲಿ ಆಚೆ ದಂಡೆಯ ದನಿ ಕಿವಿಯ ಪಕ್ಕದಲ್ಲೇ ಕೇಳುವುದಕ್ಕೂ ಒಂದು ಕಾರಣವಿದೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಎತ್ತರಕ್ಕೆ ಹೋದಷ್ಟೂ ತಂಪು. ಚಳಿಗಾಲದ ರಾತ್ರಿ, ಗಾಳಿ ಬೀಸದಿದ್ದಾಗ ಇದು ತಿರುಗಾಮುರುಗಾ. ತಂಪು ಗಾಳಿ ಕೆಳಗೆ ಹಾಸಿಕೊಂಡು, ಅದರ ಮೇಲೆ ಬೆಚ್ಚನೆಯ ಪದರ. ಬಿಸಿ ಗಾಳಿಯಲ್ಲಿ ಸದ್ದು ಜೋರಾಗಿ ಓಡುತ್ತದೆ, ತಂಪಿನಲ್ಲಿ ನಿಧಾನ. ಹೀಗಾಗಿ ಮೇಲಕ್ಕೆ ಹೊರಟ ಸದ್ದಿನ ಅಲೆ ಬಾಗಿ ಮತ್ತೆ ಕೆಳಗೇ ಬರುತ್ತದೆ. ಚಪ್ಪಟೆ ನೀರು ಅದನ್ನು ಹೀರದೆ ಮುಂದಕ್ಕೆ ದೂಡುತ್ತದೆ. ಬಿಸಿಲು ಏರಿ ಮಂಜು ಕರಗಿದರೆ ಮುಗಿಯಿತು, ಹಕ್ಕಿಗಳು ಅಲ್ಲೇ ಇದ್ದರೂ ದನಿ ಮಾಯ. ಹತ್ತು ಗಂಟೆಗೆ ಕಾರಿನಲ್ಲಿ ಬಂದು “ಏನೂ ಕೇಳ್ತಾನೇ ಇಲ್ಲ” ಅನ್ನುವವರಿಗೆ ನಾನು ಹೇಳುವುದು ಇಷ್ಟೇ, ಚಹಾ ಫ್ಲಾಸ್ಕಿನಲ್ಲಿ ತನ್ನಿ, ಐದು ಗಂಟೆಗೆ ಬನ್ನಿ.

ಸದ್ದಿನ ಮಾತು ಬಂತೆಂದರೆ ವಿಜಯಪುರದವರು ಸುಮ್ಮನಿರುವುದಿಲ್ಲ. ಬಾತಿನ ಕೂಗು ಪ್ರತಿಧ್ವನಿಸುವುದಿಲ್ಲ ಎಂಬ ಸುದ್ದಿ ಆಗಾಗ ಮೊಬೈಲಿನಲ್ಲಿ ಓಡಾಡುತ್ತದೆ. 2003ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಟ್ರೆವರ್ ಕಾಕ್ಸ್ ಎಂಬ ಧ್ವನಿ ವಿಜ್ಞಾನಿ ಡೇಝಿ ಎಂಬ ಬಾತನ್ನು ಕರೆತಂದು, ಸದ್ದು ಅನುರಣಿಸುವ ಕೋಣೆಯಲ್ಲಿ ಕೂಗಿಸಿ ಅಳೆದರು. ಪ್ರತಿಧ್ವನಿ ಬಂತು. ಸುಳ್ಳು ಹುಟ್ಟಿದ್ದು ಯಾಕೆ ಎಂಬುದೂ ಸುಲಭ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಅದು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಬರಬೇಕು. ಅಂದರೆ ಗೋಡೆ 17 ಮೀಟರಿನಷ್ಟಾದರೂ ದೂರ ಇರಬೇಕು. ಬಾತು ಇರುವುದು ಬಯಲಲ್ಲಿ, ಎದುರಿಗೆ ಗೋಡೆಯೂ ಇಲ್ಲ ಬಂಡೆಯೂ ಇಲ್ಲ. ಜೊತೆಗೆ ಅದರ ಕೂಗು ಪಟ್ಟನೆ ನಿಲ್ಲುವುದಿಲ್ಲ, ಎಳೆದುಕೊಂಡು ಇಳಿಯುತ್ತದೆ. ಆ ಬಾಲದಲ್ಲೇ ಪ್ರತಿಧ್ವನಿ ಮುಚ್ಚಿಹೋಗುತ್ತದೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ಅಷ್ಟು ಚೆನ್ನಾಗಿ ಮರಳಿ ಬರುವುದು ಅದು ಚಿಕ್ಕದು, ಚೂಪು ಎಂಬ ಕಾರಣಕ್ಕೆ. ಎದುರಿನ ಗೋಡೆಯೂ ಸುಮಾರು 38 ಮೀಟರ್ ಆಚೆ. ಗುಮ್ಮಟದೊಳಗೆ ಬಾತು ಕೂಗಿದರೆ ಏಳು ಸಲ ಕೇಳುತ್ತದೋ ಇಲ್ಲವೋ, ಗದ್ದಲವಂತೂ ಗ್ಯಾರಂಟಿ. ಯಾರೂ ಬಾತು ಒಯ್ಯಬೇಡಿ, ಅಲ್ಲಿ ಕೂಗುವ ಶಾಲೆ ಮಕ್ಕಳೇ ಸಾಕು.

ದನಿಯ ಸಂಸಾರ ಮೊಟ್ಟೆಯೊಳಗೇ ಶುರುವಾಗುತ್ತದೆ. ಮಳೆಗಾಲದಲ್ಲಿ ಚುಕ್ಕೆ ಕೊಕ್ಕಿನ ಬಾತು ನೀರಿನ ಹತ್ತಿರ ಹುಲ್ಲಿನ ಮರೆಯಲ್ಲಿ ಗೂಡು ಮಾಡುತ್ತದೆ. ಬಾತಿನ ಮರಿಗಳು ಒಡೆಯುವ ಮೊದಲೇ ಒಳಗಿನಿಂದ ಚಿಂವ್‌ಗುಟ್ಟುತ್ತವೆ. ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಮಲ್ಲಾರ್ಡ್ ಮೊಟ್ಟೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ತಾಯಿಯ ದನಿಯನ್ನೇ ಕೇಳದೆ ಒಡೆದ ಮರಿಯೂ ತನ್ನ ಜಾತಿಯ ತಾಯಿಯ ಕರೆಗೇ ಓಡುತ್ತಿತ್ತು. ಹುಟ್ಟುಗುಣ ಎಂದು ಕೈಬಿಡಬಹುದಿತ್ತು. ಅವರು ಬಿಡಲಿಲ್ಲ. ಮೊಟ್ಟೆಯೊಳಗಿನ ಮರಿಗೆ ತನ್ನ ದನಿಯೂ ಕೇಳದ ಹಾಗೆ ಮಾಡಿ, ಬೇರೆ ಮೊಟ್ಟೆಗಳಿಂದಲೂ ದೂರ ಇಟ್ಟರು. ಆ ಮರಿ ಒಡೆದು ಬಂದ ಮೇಲೆ ಗೊಂದಲಕ್ಕೆ ಬಿತ್ತು. ಬಾತಿನ ತಾಯಿ ಕರೆದಳಾ, ಕೋಳಿ ತಾಯಿ ಕರೆದಳಾ ಎಂದು ಅದಕ್ಕೆ ತಿಳಿಯಲಿಲ್ಲ. ಅಂದರೆ ತಾಯಿಯನ್ನು ಗುರುತಿಸುವ ಕಿವಿ ತಯಾರಾಗುವುದು ಚಿಪ್ಪಿನೊಳಗೆ ತಾನೂ ಒಡಹುಟ್ಟಿದವೂ ಮಾಡುವ ಚಿಂವ್‌ಚಿಂವ್‌ನಿಂದ.

ದನಿ ಕಲಿಯಬೇಕೆನ್ನುವವರಿಗೆ ಈಗ ದಾರಿ ಸುಲಭವಾಗಿದೆ. 2005ರಲ್ಲಿ ಶುರುವಾದ ಕ್ಸೆನೋ-ಕ್ಯಾಂಟೋ ಎಂಬ ಜಾಲತಾಣದಲ್ಲಿ ಜಗತ್ತಿನ ಹಕ್ಕಿಗಳ ದನಿ ಪುಕ್ಕಟೆ ಕೇಳಬಹುದು. ದನಿಯ ಚಿತ್ರವೂ ಅಲ್ಲಿ ಕಾಣುತ್ತದೆ. ಹೆಣ್ಣು ಬಾತಿನ ಕೂಗು ಮೆಟ್ಟಿಲ ಮೇಲೆ ಮೆಟ್ಟಿಲು ಇಟ್ಟ ಹಾಗೆ ಗೆರೆಗಳ ರಾಶಿ. ಸಿಳ್ಳೆಯದು ಒಂದೇ ತೆಳು ಎಳೆ. ಸನಾದಿಗೂ ಕೊಳಲಿಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಅದನ್ನು ದಂಡೆಯಲ್ಲಿ ಸ್ಪೀಕರ್ ಹಚ್ಚಿ ನುಡಿಸಬೇಡಿ. ಇಲ್ಲದ ಜೋಡಿ ಕರೆದ ಹಾಗಾಗುತ್ತದೆ, ಮೇಯುವುದು ಬಿಟ್ಟು ಹುಡುಕುತ್ತವೆ.

ಈ ಸಲ ಮಾರ್ಚ್ ಮೊದಲ ವಾರ ಮತ್ತೆ ಅದೇ ದಂಡೆಗೆ ಹೋಗಿದ್ದೆ. ನೀರು ಹಿಂದೆ ಸರಿದು ಕೆಸರು ಬಿರಿಯತೊಡಗಿತ್ತು. ಸುಮಾರು ಅರವತ್ತು ಹೆಬ್ಬಾತುಗಳು ಉಳಿದಿದ್ದವು. ನಾನು ಎಣಿಸುತ್ತಾ ಕೂತೆ. ಏಳು, ಆರು, ಏಳು. ಸ್ವಲ್ಪ ಹೊತ್ತಾದ ಮೇಲೆ ನಾಲ್ಕು. ಕೆಲವು ತಲೆ ಕೊಡವತೊಡಗಿದವು. ಮೂರು. ಕಾಕಾ ಬೀಡಿ ಆರಿಸಿ ಎದ್ದು ನಿಂತರು. “ಹೊಂಟವ್ರಿ ಇನ್ನ,” ಅಂದರು. ಅವರೇನೂ ಲೊರೆಂಝ್ ಓದಿದವರಲ್ಲ. ನಾನು ಎರಡು ಅನ್ನುವುದರೊಳಗೆ ರೆಕ್ಕೆಯ ಸದ್ದು ಎದ್ದಿತ್ತು.